ಗಾಳಿ ಬಡಿಯದ ಮನೆ

ಕಲಬುರಗಿಯ ಮನೆಗಳನ್ನು ಕಟ್ಟಿದವರಿಗೆ ಗೊತ್ತಿದ್ದ ಶತ್ರು ಒಂದೇ, ಬಿಸಿಲು. ಎತ್ತರದ ಮಾಳಿಗೆ, ನೆತ್ತಿಯಲ್ಲಿ ಬೆಳಕಿಂಡಿ, ಎದುರುಬದುರು ಬಾಗಿಲು, ಬರಿಗಾಲಿಗೆ ತಣ್ಣಗೆ ತಾಕುವ ಶಹಾಬಾದ್ ಕಲ್ಲು. ಒಳಗೆ ಸೇರಿದ ಕಾವು ಎಷ್ಟು ಬೇಗ ಹೊರಗೆ ಹೋದರೆ ಅಷ್ಟು ಒಳ್ಳೆಯ ಮನೆ. ಅಂಥ ಊರಿನ ಮೇಲೆ ಬೂದಿ ಕವಿಯಿತು. ದೂರದ ಸಮುದ್ರದ ನಡುವೆ ಸಾಲಾಗಿ ಬಿರಿದ ಬೆಟ್ಟಗಳು ಮೇಲಿನ ಗಾಳಿಗೆ ತೂರಿದ ಬೂದಿ ವರ್ಷಗಳಾದರೂ ಕೆಳಗಿಳಿಯಲಿಲ್ಲ. ಸೂರ್ಯ ತಿಕ್ಕದ ಹಿತ್ತಾಳೆ ತಟ್ಟೆಯ ಹಾಗೆ ಮೂಡಿ, ಹಾಗೆಯೇ ಮುಳುಗತೊಡಗಿದ. ಏಪ್ರಿಲ್ ತಿಂಗಳಲ್ಲಿ ಅಂಗಳದಲ್ಲಿ ನೀರು ಚಿಮುಕಿಸಿ ಮಲಗುತ್ತಿದ್ದ ಜನ, ಅದೇ ಏಪ್ರಿಲ್‌ನಲ್ಲಿ ಇದ್ದಬದ್ದ ಕೌದಿಗಳನ್ನೆಲ್ಲ ಹೊದ್ದು ಹಲ್ಲು ಕಟಕಟಿಸಿದರು.

ಮಹಾನಂದಾಳ ಗಂಡ ಹೋದದ್ದು ಆ ಮೊದಲ ಚಳಿಯಲ್ಲಿ. ಗೋಡೆಗೆ ಬೆನ್ನು ಕೊಟ್ಟು ಕೂರುವುದು ಅವರ ಹಳೆಯ ರೂಢಿ. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಗೋಡೆ ಈಗ ಮೈಯ ಕಾವನ್ನು ಹೀರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಹಾಸಿಗೆ ಬೇಕಾಗಿರಲಿಲ್ಲ.

ಬಿಸಿಲಿನ ವಿದ್ಯುತ್ತನ್ನು ನಂಬಿದ್ದ ನಾಡಿನಲ್ಲಿ ಹೊಸದಾಗಿ ಕಾವು ಹುಟ್ಟಿಸಲು ದಾರಿ ಇರಲಿಲ್ಲ. ಇದ್ದದ್ದನ್ನು ಹಿಡಿದಿಟ್ಟುಕೊಳ್ಳಬೇಕಿತ್ತು ಅಷ್ಟೆ. ಹಾಗೆ ಬಂದದ್ದು ಅಸ್ತರು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಮಾತ್ರ ಕೋಟಿನ ಒಳಗೆ ದರ್ಜಿ ಹೊಲಿಯುವ ಬಟ್ಟೆಯ ಹೆಸರನ್ನೇ ಅದಕ್ಕೂ ಇಟ್ಟರು. ಬೆರಳಿನಷ್ಟು ದಪ್ಪದ ಹಲಗೆ. ಒಳಗೆ ನುಣುಪಾದ ಕಲ್ಲಿನ ನೊರೆ, ಆ ನೊರೆಯಿಂದ ಗಾಳಿಯನ್ನೂ ಹೀರಿ ತೆಗೆದಿರುತ್ತಿದ್ದರು. ದಾಟಲು ಗಾಳಿಯೇ ಇಲ್ಲದ ಮೇಲೆ ಕಾವು ದಾಟುವುದಾದರೂ ಹೇಗೆ? ಗೋಡೆಗೆ, ಸೂರಿಗೆ, ನೆಲಕ್ಕೆ ಅದನ್ನು ಒಳಗಿನಿಂದ ಹೊದಿಸಿದರು. ಬೆಳಕಿಂಡಿ ಮುಚ್ಚಿದರು. ಕಿಟಕಿಗೆ ಮೂರು ಪದರದ ಗಾಜು ಕೂರಿಸಿ ಸಂದಿಗೊಂದಿಗೆಲ್ಲ ಅಂಟು ತುಂಬಿದರು. ಉಸಿರಾಡಲು ಮನೆಗೊಂದು ಗಾಳಿಪೆಟ್ಟಿಗೆ. ಹಳೆಯ ಗಾಳಿ ಹೊರಗೆ ಹೋಗುವಾಗ ತನ್ನ ಕಾವನ್ನು ಒಳಬರುವ ಗಾಳಿಯ ಕೈಗಿತ್ತು ಹೋಗಬೇಕು, ಅಂಥ ಏರ್ಪಾಡು. ಅಡುಗೆಯ ವಿದ್ಯುತ್ ಒಲೆ, ದೀಪ ಮತ್ತು ಮನುಷ್ಯರ ಮೈ, ಇಷ್ಟರಿಂದಲೇ ಮನೆ ಬೆಚ್ಚಗಿರುತ್ತಿತ್ತು. ಪ್ರತಿ ಬಾಗಿಲಿಗೂ ಒಂದು ತಗಡಿನ ಫಲಕ ಹೊಡೆದರು: ‘ಒಳಗೆ ಉರಿ ಹಚ್ಚಬಾರದು. ಅಸ್ತರಿಗೆ ಧಕ್ಕೆಯಾಗುತ್ತದೆ.’

ಮಹಾನಂದಾ ಆ ಯೋಜನೆಯ ಇಂಜಿನಿಯರು. ನಿಯಂತ್ರಣ ಕೊಠಡಿಯಲ್ಲಿ ಕೂತು ಊರಿನ ಮನೆಗಳು ಎಲ್ಲೆಲ್ಲಿ ಕಾವು ಬಿಟ್ಟುಕೊಡುತ್ತವೆ ಎಂದು ನೋಡುವುದು ಅವಳ ಕೆಲಸ. ಊರವರು ಆ ಜಾಗವನ್ನು ಸೋರಿಕಿ ಆಫೀಸು ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಅವಳು ಆ ಕೆಲಸವನ್ನು ಬೇಡಿ ಪಡೆದಿದ್ದಳು. ಇನ್ನೊಬ್ಬರ ಬೆನ್ನಿಗೆ ತಣ್ಣನೆಯ ಗೋಡೆ ತಾಕಬಾರದು ಎಂದು ಯಾರಿಗೂ ಹೇಳದೆ ಅಂದುಕೊಂಡಿದ್ದಳು.

ಕೊಠಡಿಯ ಗೋಡೆಯ ತುಂಬ ಊರಿನ ನಕಾಶೆ. ಕಾವು ಸೋರುವ ಮನೆ ಅದರ ಮೇಲೆ ಕೆಂಪಗೆ ಹೊಳೆಯುತ್ತಿತ್ತು. ಸೋರಿಕೆ ಕಡಿಮೆಯಾದಂತೆ ಮಂಕಾಗುತ್ತ, ಕೊನೆಗೆ ಕತ್ತಲಲ್ಲಿ ಕಾಣದಾಗುತ್ತಿತ್ತು. ಕಾಣದ ಮನೆಯೇ ಎಲ್ಲಕ್ಕಿಂತ ಒಳ್ಳೆಯ ಮನೆ. ದಿನ ಮುಳುಗುವ ಹೊತ್ತಿಗೆ ಮಾತ್ರ ನಕಾಶೆ ಒಮ್ಮೆ ಜಗ್ಗನೆ ಕೆಂಪಾಗುತ್ತಿತ್ತು. ದೀಪ ಹಚ್ಚುವಾಗ ಲಕ್ಷ್ಮಿ ಬರಲಿ ಎಂದು ಹೆಂಗಸರು ತಲೆಬಾಗಿಲು ತೆರೆದಿಡುತ್ತಿದ್ದರು. ಹಗಲೆಲ್ಲ ಹಿಡಿದಿಟ್ಟದ್ದು ಲಕ್ಷ್ಮಿಗೆ ಎದುರಾಗಿ ಬೀದಿಗಿಳಿಯುತ್ತಿತ್ತು. ಬೇಡವೆಂದರೆ ಯಾರೂ ಕೇಳಲಿಲ್ಲ. ಕೊನೆಗೆ ಮೇಲಿನವರು ಲೆಕ್ಕ ಹಾಕಿ, ಆ ನಷ್ಟ ತುಂಬಿಕೊಳ್ಳಲು ಉಳಿದ ಹೊತ್ತೆಲ್ಲ ಗಾಳಿಪೆಟ್ಟಿಗೆಗಳನ್ನು ಮಂದ ಮಾಡಿಸಿದರು. ಆ ಲೆಕ್ಕ ಹಾಕಿದವರಲ್ಲಿ ಮಹಾನಂದಾಳೂ ಇದ್ದಳು. ಒಂದು ಮನೆಯಲ್ಲಿ ಇಷ್ಟು ಜನ, ಅವರಿಗೆ ಇಷ್ಟು ಉಸಿರು. ಲೆಕ್ಕದಲ್ಲಿ ತಪ್ಪಿರಲಿಲ್ಲ.

“ಮೇಡಂ, ನಿಮ್ಮ ಮನಿ ಮತ್ತ ಮಿಣಕ್ ಮಿಣಕ್ ಅನ್ಲಾಕತ್ತದ ನೋಡ್ರಿ,” ಎಂದ ಖಲೀಲ್. ಪಕ್ಕದ ಕುರ್ಚಿಯ ಆಪರೇಟರು, ಮೂವತ್ತರ ಹುಡುಗ. “ದೀಪಾವಳಿ ಇನ್ನಾ ದೂರ ಅದ.”

“ನಿನ್ನ ಕೆಲಸ ನೀ ನೋಡ್ಕೋ.”

“ನನ್ನ ಕೆಲಸಾನೇ ಇದು. ನಾ ಸುಮ್ಮ ಕೂಡ್ತೀನ್ರಿ, ಮಣ್ಣೂರ ಸಾಹೇಬರು ಕೂಡ್ಬೇಕಲ್ಲ. ಸೋರಿಕಿ ಆಫೀಸಿನೋರ ಮನೀನೇ ಸೋರ್ತದ ಅಂತ ನಿನ್ನಿ ಚಾ ಕುಡೀತಾ ನಗ್ಲಾಕತ್ತಿದ್ರು.”

ಅವಳಿಗೆ ಗೊತ್ತಿತ್ತು. ಸೋರುತ್ತಿದ್ದದ್ದು ಅವಳ ಕೋಣೆಯ ಕಿಟಕಿ. ಅಂಟು ಹಾಕುವವರು ಬಂದಾಗ ಅದರ ಒಂದು ಪಲ್ಲೆಯನ್ನು, ತೆರೆಯುವ ಕದವನ್ನು, ಅಂಟು ಹಾಕದಂತೆ ಬಿಡಿಸಿಕೊಂಡಿದ್ದಳು, ನೆಪ ಏನು ಹೇಳಿದೆನೆಂಬುದೂ ಈಗ ನೆನಪಿಲ್ಲ. ಮುಟ್ಟು ನಿಲ್ಲುತ್ತ ಬಂದಿತ್ತು. ಸಂಜೆ ಮನೆಗೆ ಬಂದು ಸೀರೆ ಬದಲಿಸುವ ಹೊತ್ತಿಗೆ ಹೊಟ್ಟೆಯೊಳಗಿಂದ ಒಂದು ಝಳ ಏಳುತ್ತಿತ್ತು. ಎದೆ, ಕತ್ತು, ಕಿವಿ ಎಲ್ಲ ಕಾದ ಹಂಚು. ಬೆವರು ಬೆನ್ನಗುಂಟ ಇಳಿಯುತ್ತಿತ್ತು. ಊರಿಗೆ ಊರೇ ಒಂದು ಹಿಡಿ ಕಾವಿಗೆ ಕೈಯೊಡ್ಡಿ ಕೂತಾಗ ಕೇಳದೆ ಬಂದ ಈ ಬೆಂಕಿಯನ್ನು ಯಾರಿಗೆ ತೋರಿಸುವುದು? ಗಂಡನಿದ್ದಿದ್ದರೆ ಅವರ ಬೆನ್ನಿಗಾದರೂ ಬರುತ್ತಿತ್ತು ಎನಿಸಿ, ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಬಾಗಿಲು ಮುಂದೆ ಮಾಡಿಕೊಂಡು ಪಲ್ಲೆಯನ್ನು ನಾಲ್ಕು ಬೆರಳು ತೆರೆಯುವಳು. ಬೂದಿ ವಾಸನೆಯ ತಣ್ಣನೆಯ ಗಾಳಿ ಕೊರಳಿಗೆ ಬಡಿದಾಗ, ಬದುಕಿದೆ ಅನಿಸುತ್ತಿತ್ತು.

ಮಗಳು ವಚನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಳಿಯ ಗುರುಪಾದ ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ. ಹೆಂಡತಿಯನ್ನು ಬಿಟ್ಟು, ಭಾನುವಾರ ಬರುತ್ತೇನೆಂದು ಹೋದ. ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಹಾನಂದಾಳ ಅತ್ತೆ ಶರಣಮ್ಮ ನಡುಕೋಣೆಯನ್ನು ಬಾಣಂತಿ ಕೋಣೆ ಮಾಡಿ ಮುಗಿಸಿದ್ದರು. ಅಟ್ಟದಿಂದ ಹೊರಸು, ಹಗ್ಗ ಹೆಣೆದ ಮಂಚ, ಇಳಿದಿತ್ತು. ಅದು ಮಹಾನಂದಾಳ ತಾಯಿಯದು. ತಾಯಿ ತೀರಿಕೊಂಡಾಗ ಅವಳು ತವರಿನಿಂದ ತಂದ ಒಂದೇ ಸಾಮಾನು. ಹಗ್ಗ ಬಿಗಿಸಿ, ಕೌದಿ ಹಾಸಿ, ಕೆಳಗೆ ಅಗ್ಗಿಷ್ಟಿಕೆ ಇಟ್ಟಿದ್ದರು. ಅದರ ತುಂಬ ನಿಗಿನಿಗಿ ಕೆಂಡ, ಮೇಲೆ ಒಂದು ಚಿಟಿಕೆ ಅಜವಾನ.

“ಅತ್ತಿ, ಒಳಗ ಉರಿ ಹಚ್ಚಬಾರ್ದು ಅಂತ ನೇಮ ಅದ,” ಎಂದಳು ಮಹಾನಂದಾ. “ನಮ್ಮ ಆಫೀಸಿಂದೇ ನೇಮ.”

“ಉರಿ ಎಲ್ಲದವ್ವಾ? ತೋರ್ಸು.” ಶರಣಮ್ಮ ಸೊಂಟ ಹಿಡಿದು ಬಗ್ಗಿ ಹೊರಸಿನ ಕೆಳಗೆ ತಾವೇ ಹುಡುಕಿದರು. “ತೊಗರಿ ಕಟಗಿ, ಕುಳ್ಳು ಎಲ್ಲಾ ಮಾಳಗಿ ಮ್ಯಾಲೇ ಸುಟ್ಟು, ಉರಿ ಆರಿದ ಮ್ಯಾಲೇ ತಂದೀನಿ. ಇದು ಕೆಂಡ.”

“ಆಯಿ ವಕೀಲ ಆಗ್ಬೇಕಿತ್ತು,” ಎಂದು ವಚನಾ ಹೊರಸಿನ ಮೇಲಿಂದ ನಕ್ಕಳು. ನಕ್ಕರೆ ಹೊಲಿಗೆ ಹಿಡಿಯುತ್ತದೆಂದು ಹೊಟ್ಟೆ ಒತ್ತಿಕೊಂಡು ಮತ್ತೆ ನಕ್ಕಳು. “ಇರ್ಲಿ ಬಿಡವ್ವಾ. ಎಷ್ಟ್ ಹಿತ ಅದ ಅಂತಿ. ಬೆನ್ನಾಗಿಂದ ಒಂದೊಂದೇ ಗಂಟು ಬಿಚ್ಚಿದಂಗಾಗ್ತದ.”

ಅದು ಮಹಾನಂದಾಳಿಗೂ ಗೊತ್ತಿತ್ತು. ಇದೇ ಹಗ್ಗದ ಮೇಲೆ ವಚನಾಳನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಅವಳ ಮೈಯನ್ನು ಮೈಯೆಂದು ಯಾರೂ ಆರೈಸಿರಲಿಲ್ಲ. ಏನೂ ಮಾಡದೆ, ಏನೂ ಕೊಡದೆ ಸುಮ್ಮನೆ ಬೆಚ್ಚಗಿರಲು ಹೆಂಗಸಿಗೆ ಜಗತ್ತು ಕೊಟ್ಟ ನಾಲ್ಕು ದಿನ ಅವು. ಮಗಳಿಂದ ಅದನ್ನು ಕಿತ್ತುಕೊಳ್ಳುವ ಮನಸ್ಸಾಗಲಿಲ್ಲ. ಕೆಂಡ ಅಸ್ತರಿಗೆ ತಾಕುವುದಿಲ್ಲ, ಅಸ್ತರಿಗೆ ಧಕ್ಕೆ ಇಲ್ಲ ಎಂದು ಲೆಕ್ಕ ಹಾಕಿದಳು. ಮುಚ್ಚಿದ ಜಾಗದಲ್ಲಿ ಕೆಂಡ ಏನು ಬಿಡುತ್ತದೆ ಎನ್ನುವುದನ್ನು ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದಳು. ಆ ಉತ್ತರದಲ್ಲಿ ಗಣಿ ಇತ್ತು, ಕುಲುಮೆ ಇತ್ತು. ಹೊರಸು ಇರಲಿಲ್ಲ.

“ಕೂಸು ಬಂದದ್ದೇ ಬಂದದ್ದು, ನಿಮ್ಮ ಮನಿ ಬೆಚ್ಚಗಾತಲ್ರಿ ಮೇಡಂ,” ಎಂದ ಖಲೀಲ್ ಆ ವಾರ. ವಿದ್ಯುತ್ತು ಹೆಚ್ಚು ಬಳಸದೆಯೂ ಒಳಗೆ ಕಾವು ಏರಿದ ಮನೆಗಳ ಮೇಲೆ ಆಫೀಸು ಹಸಿರು ಚುಕ್ಕೆ ಇಡುತ್ತಿತ್ತು. ಮಾದರಿ ಮನೆ ಎಂದು ಅವಕ್ಕೆ ಹೆಸರು. ನಕಾಶೆಯ ಮೇಲೆ ಅಲ್ಲೊಂದು ಇಲ್ಲೊಂದು ಅಂಥ ಚುಕ್ಕೆಗಳಿದ್ದವು. ತನ್ನ ಮನೆಯ ಮೇಲೂ ಒಂದು ಬಂದದ್ದು ನೋಡಿ ಅವಳು ಸಣ್ಣಗೆ ನಕ್ಕಳು.

ಕೆಲವು ದಿನ ಕಳೆದ ಮೇಲೆ ವಚನಾಳಿಗೆ ತಲೆನೋವು ಸುರುವಾಯಿತು.

“ಮುಂಜಾನಿಂದ ತಲಿ ಸಿಡೀಲಾಕತ್ತದವ್ವಾ. ಉಂಡದ್ದು ಬಾಯಿಗಿ ಬರ್ತದ.”

“ಗಾಳಿ ಬಡದದ,” ಎಂದರು ಶರಣಮ್ಮ. ಕೂಗಿ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ಅವರ ತಂಗಿ ಬಾಣಂತಿ ಸನ್ನಿಯಲ್ಲಿ ಸತ್ತವಳು. ಮೊದಲು ತಲೆನೋವು, ಆಮೇಲೆ ಕಣ್ಣಿಗೆ ಮಬ್ಬು, ಆಮೇಲೆ ಸಂಬಂಧವಿಲ್ಲದ ಮಾತು. ತಣ್ಣನೆ ಗಾಳಿ ಬಡಿದರೆ ಹಸಿ ಮೈಗೆ ಸನ್ನಿ ಏರುತ್ತದೆ. ಅದಕ್ಕೆ ಮದ್ದು ಒಂದೇ, ಕಾವು. ಶರಣಮ್ಮ ವಚನಾಳ ಕಿವಿಗೆ ಹತ್ತಿ ತುಂಬಿ ತಲೆಗೆ ಬಟ್ಟೆ ಬಿಗಿದರು. ಅಗ್ಗಿಷ್ಟಿಕೆಗೆ ಇನ್ನೊಂದು ಬೊಗಸೆ ಕೆಂಡ ಸುರಿದರು. ಮರುದಿನ ತಲೆನೋವು ಹೆಚ್ಚಾಯಿತು. ಶರಣಮ್ಮ ಕೆಂಡವನ್ನೂ ಹೆಚ್ಚಿಸಿದರು.

ಸಂಜೆ ಮಹಾನಂದಾ ಆಫೀಸಿನಿಂದ ಬಂದ ಮೇಲೆ ವಚನಾ ಕೂಸನ್ನು ಎತ್ತಿಕೊಂಡು ಗೋಡೆ ಹಿಡಿಯುತ್ತ ಅವಳ ಕೋಣೆಗೆ ಬರುವಳು. ತೊಡೆಯ ಮೇಲೆ ತಲೆಯಿಟ್ಟು ಮಲಗುವಳು. ಹಗಲೆಲ್ಲ ಕಿರಿಕಿರಿ ಅಳುತ್ತಿದ್ದ ಕೂಸು ಅಲ್ಲಿ ಸುಮ್ಮನಾಗುತ್ತಿತ್ತು.

“ನಿನ್ನ ಹತ್ರ ಬಂದ್ರ ತಲಿ ಹಗುರಾಗ್ತದವ್ವಾ,” ಎನ್ನುವಳು ವಚನಾ.

ಮಗಳು ದೊಡ್ಡವಳಾದ ಮೇಲೆ ಇಬ್ಬರ ನಡುವೆ ಇಷ್ಟು ಹತ್ತಿರ ಯಾವತ್ತೂ ಇರಲಿಲ್ಲ. ತಾಯಿಯ ಮಡಿಲಿಗೆ ಇನ್ನೂ ಆ ಗುಣ ಇದೆಯಲ್ಲ ಎಂದು ಮಹಾನಂದಾ ಮಗಳ ಕೂದಲಲ್ಲಿ ಬೆರಳಾಡಿಸುತ್ತ ಕೂತಿರುತ್ತಿದ್ದಳು. ತಲೆಯ ಹಿಂದೆ ಕಿಟಕಿಯ ಪಲ್ಲೆ ನಾಲ್ಕು ಬೆರಳು ತೆರೆದೇ ಇರುತ್ತಿತ್ತು.

ಒಂದು ಸಂಜೆ ಕಷಾಯ ತಂದ ಶರಣಮ್ಮ ಬಾಗಿಲಲ್ಲೇ ನಿಂತರು. ಪರದೆ ಅಲುಗುತ್ತಿತ್ತು.

“ಇದೇನಿದು ಮಹಾನಂದಾ?”

“ಅತ್ತಿ, ಅದು ನನಗ...”

“ನಾನೂ ಆ ವಯಸ್ಸು ದಾಟೇ ಬಂದೀನವ್ವಾ. ನನಗೇನ್ ಗೊತ್ತಿಲ್ಲ ಅಂತ ಮಾಡೀಯೇನು? ಖರೆ, ನಿನ್ನ ಮೈ ಸುಡ್ತದಂತ ಹಸಿ ಬಾಣಂತಿಗಿ ಗಾಳಿ ಹಾಕ್ತಾರೇನು? ನಾ ಅಲ್ಲಿ ಕೆಂಡದ ಮ್ಯಾಲೆ ಕೆಂಡ ಹಾಕ್ಲಾಕತ್ತೀನಿ, ನೀ ಇಲ್ಲಿ ತಗದು ಬಿಡ್ಲಾಕತ್ತಿ.” ಅವರು ಬಟ್ಟಲನ್ನು ನೆಲಕ್ಕಿಟ್ಟರು. “ನಮ್ಮ ತಂಗಿ ಗಂಗೀನೂ ಹಿಂಗೇ ತಲಿನೋವು ಅಂದಿದ್ಳು.”

ಮಹಾನಂದಾಳಿಗೆ ಅದು ನಿಜವೆನಿಸಿತು. ಊರಿಗೆಲ್ಲ ಕಿಟಕಿ ಮುಚ್ಚಿಸಿದವಳು ತನ್ನ ಸುಖಕ್ಕೆ ಒಂದನ್ನು ಬಿಟ್ಟುಕೊಂಡು, ಅದರಿಂದ ಮಗಳ ಮೈಗೆ ಸನ್ನಿ ತಂದಳು. ಈ ಹಾಳು ಮೈ ಎಂದುಕೊಂಡಳು. ಚೀಲದಲ್ಲಿ ಆಫೀಸಿನ ಅಂಟಿನ ಕೊಳವೆ ಇತ್ತು. ಪಲ್ಲೆ ಎಳೆದು, ಸಂದಿಗೆ ಅಂಟು ತುಂಬಿ, ಹೆಬ್ಬೆರಳಿನಿಂದ ಒತ್ತುತ್ತ ಬಂದಳು. ಇಷ್ಟು ಅಚ್ಚುಕಟ್ಟಾಗಿ ಅಂಟು ಹಾಕಿದ ಕಿಟಕಿ ಕಲಬುರಗಿಯಲ್ಲಿ ಇನ್ನೊಂದು ಇರಲಾರದು. ವಚನಾ ಗೋಡೆಗೊರಗಿ ನೋಡುತ್ತಿದ್ದಳು.

“ನಾಳಿಗಿ ಇಲ್ಲಿ ಬರ್ಬಾರ್ದೇನವ್ವಾ?” ಎಂದಳು.

“ಸ್ವಲ್ಪ ದಿನ ತಡಿ ಮಗಾ. ಮೈ ಗಟ್ಟಿ ಆಗ್ಲಿ.”

ಮರುದಿನ ಕೂಸಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಬಾಣಂತಿ ಹೊರಗೆ ಬರುವಂತಿಲ್ಲ. ಮಹಾನಂದಾ ರಜೆ ಹಾಕಿ, ಕೂಸನ್ನು ಕುಲಾವಿ, ಶಾಲು, ತನ್ನ ಕೋಟು ಎಲ್ಲದರಲ್ಲಿ ಸುತ್ತಿ ತಾನೇ ಒಯ್ದಳು. ಹೊರಡುವಾಗ ಶರಣಮ್ಮ ಬಚ್ಚಲಲ್ಲಿ ವಚನಾಳಿಗೆ ನೀರು ಹಾಕುತ್ತಿದ್ದರು. ಆಮೇಲೆ ಚೆನ್ನಾಗಿ ಕಾಯಿಸಿ ಬೆವರು ಬಿಡಿಸುತ್ತೇನೆ, ಸನ್ನಿ ಅಲ್ಲಿಗೆ ಇಳಿಯುತ್ತದೆ ಎಂದರು. ಬಾಗಿಲ ಸಂದಿಯಿಂದ ವಚನಾ ಒದ್ದೆ ಮುಖ ತೋರಿಸಿ, “ಅದ್ರ ಕಾಲಿಗಿ ಸಾಕ್ಸ್ ಹಾಕೀಯಿಲ್ಲೋ?” ಎಂದು ಕೇಳಿದಳು. ತಲೆನೋವಿನಲ್ಲೂ ಆ ಮಾತಿನಲ್ಲಿ ಹೊಸ ತಾಯಿಯ ದರ್ಪವಿತ್ತು.

ಆಸ್ಪತ್ರೆಯಲ್ಲಿ ಉದ್ದನೆಯ ಸಾಲು. ಅಲ್ಲಿರುವಾಗ ಖಲೀಲನ ಫೋನು ಬಂತು.

“ಮೇಡಂ, ಮುಬಾರಕ್. ಇವತ್ತ ನಿಮ್ಮ ಮನಿ ನಕಾಶಿ ಮ್ಯಾಲೆ ಕಾಣಲೇ ಒಲ್ದು. ಸಾಹೇಬರಿಗಿ ಕರ್ದು ತೋರ್ಸಿದೆ. ಎಲ್ಲಿ ಹೋತ್ರಿ ಮಹಾನಂದಾ ಮೇಡಂ ಮನಿ ಅಂತ ಅವರೇ ಹುಡಕ್ಲಾಕತ್ತಿದ್ರು.”

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಒಂದು ತಪ್ಪು ತಿದ್ದಿದ ನೆಮ್ಮದಿ.

ಮನೆಗೆ ಮರಳಿದಾಗ ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು. ಒಳಗೆ ಕಾಲಿಟ್ಟರೆ ಹಿತವಾದ ಕಾವು, ಅಜವಾನದ ವಾಸನೆ. ಶರಣಮ್ಮ ಪಡಸಾಲೆಯ ಗೋಡೆಗೆ ಕುಸಿದು ಕೂತಿದ್ದರು. ಸೀರೆಯ ಮೇಲೆ ವಾಂತಿಯಾಗಿತ್ತು. “ನನಗೂ ಯಾಕೋ ಕಣ್ಣಿಗಿ ಕತ್ತಲಿ ಬಂತವ್ವಾ,” ಎಂದರು, ನಾಲಿಗೆ ತೊದಲುತ್ತಿತ್ತು. “ಅಕಿ ಮಲ್ಗ್ಯಾಳ. ಎಬ್ಬಿಸ್ಬ್ಯಾಡ. ಬೆವರು ಬಂದದ.”

ನಡುಕೋಣೆಯ ಬಾಗಿಲು ತೆರೆದಾಗ ಮಹಾನಂದಾಳ ಕಣ್ಣಿಗೆ ಬಿದ್ದದ್ದು ಮಗಳ ಮುಖ. ಕೆನ್ನೆ ಕೆಂಪಗೆ, ತುಟಿ ಕೆಂಪಗೆ. ಎಷ್ಟು ಕಳೆ ಬಂದಿದೆ ನನ್ನ ಮಗಳಿಗೆ ಎಂದು ಒಂದು ಕ್ಷಣ ಅನಿಸಿತು. ಆ ಒಂದು ಕ್ಷಣವನ್ನು ಅವಳು ಆಮೇಲೆ ಬದುಕಿನುದ್ದಕ್ಕೂ ದೂರ ತಳ್ಳಲು ನೋಡಿದಳು.

ಹೆಸರು ಹಿಡಿದು ಕರೆದಳು. ಭುಜ ಅಲುಗಿಸಿದಳು. ಕೈ ಹೊರಸಿನಿಂದ ಕೆಳಗೆ ಜಾರಿ ತೂಗಿತು. ಆಗ, ಇಪ್ಪತ್ತೆಂಟು ವರ್ಷದ ಹಿಂದೆ ಬರೆದ ಉತ್ತರ ಅಕ್ಷರಕ್ಕೆ ಅಕ್ಷರ ನೆನಪಾಯಿತು.

ಕೂಸನ್ನು ಹೊರಗೆ ಕಟ್ಟೆಯ ಮೇಲೆ ಮಲಗಿಸಿ ಬಂದು ನಡುಕೋಣೆಯ ಕಿಟಕಿಗೆ ರುಬ್ಬುವ ಗುಂಡು ಎತ್ತಿ ಹಾಕಿದಳು. ಗಾಜು ಒಡೆಯಲಿಲ್ಲ. ಒಡೆಯಬಾರದೆಂದೇ ಮಾಡಿದ ಗಾಜು. ಇನ್ನೊಮ್ಮೆ ಹಾಕಿದಳು. ಕೊನೆಗೆ ಹೊರಸನ್ನೇ ಹಿಡಿದು ಎಳೆಯತೊಡಗಿದಳು. ಅಗ್ಗಿಷ್ಟಿಕೆ ಮಗುಚಿ ಕೆಂಡ ನೆಲದ ಅಸ್ತರಿನ ಮೇಲೆ ಚೆಲ್ಲಿ ಚುರುಗುಟ್ಟಿತು. ಸದ್ದು ಕೇಳಿ ಪಕ್ಕದ ಮನೆಯವರು ಬಂದು ಕೈ ಹಚ್ಚಿದರು. ಮಗಳನ್ನು ಹೊರಸಿನ ಸಮೇತ ಬೀದಿಗೆ ತಂದರು, ಮತ್ತೆ ಹೋಗಿ ಶರಣಮ್ಮನನ್ನು ಎತ್ತಿಕೊಂಡು ಬಂದರು. ಓಣಿಯ ಮನೆಗಳಲ್ಲಿ ಹೆಂಗಸರು ಆಗತಾನೇ ತಲೆಬಾಗಿಲು ತೆರೆದು ದೀಪ ಹಚ್ಚುತ್ತಿದ್ದರು.

ಶರಣಮ್ಮ ಎರಡೇ ದಿನಕ್ಕೆ ಚೇತರಿಸಿಕೊಂಡರು. ವಚನಾಳ ವಿಷಯದಲ್ಲಿ ಡಾಕ್ಟರಮ್ಮ ಮಹಾನಂದಾಳನ್ನು ಬೇರೆ ಕೋಣೆಗೆ ಕರೆದು ಕೂರಿಸಿದರು.

“ಕೆಂಡಕ್ಕೂ ಉಸಿರು ಬೇಕಮ್ಮ. ಸಾಕಷ್ಟು ಗಾಳಿ ಸಿಗದಿದ್ದಾಗ ಅದು ಬಿಡೋ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಉಸಿರಿನ ಜಾಗ ಹಿಡ್ಕೊಂಡು ಕೂರುತ್ತೆ. ಹಿಂದೆ ನಮ್ಮ ಮನೆಗಳಲ್ಲಿ ಬೆಳಕಿಂಡಿ ಇತ್ತು, ಬಾಗಿಲಲ್ಲಿ ಸಂದಿ ಇತ್ತು, ಹೊರಗೆ ಹೋಗ್ತಿತ್ತು. ತಲೆನೋವು ಮೊದಲೇ ಇತ್ತಾ?”

“ಇತ್ತು.”

“ಏನು ಮಾಡಿದ್ರಿ?”

ಮಹಾನಂದಾ ಅಂಟು ಒತ್ತಿದ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಡಾಕ್ಟರಮ್ಮ, ಜೀವಕ್ಕೆ ಅಪಾಯವಿಲ್ಲ, ಮಿದುಳಿಗೆ ಎಷ್ಟು ಪೆಟ್ಟಾಗಿದೆ ಎನ್ನುವುದು ನಿಧಾನಕ್ಕೆ ತಿಳಿಯುತ್ತದೆ ಎಂದರು.

ಆಫೀಸಿಗೆ ಹೋದ ದಿನವೇ ಅವಳು ನಕಾಶೆಯ ಮೇಲಿನ ಹಸಿರು ಚುಕ್ಕೆಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಎಲ್ಲ ಮನೆಗಳಲ್ಲೂ ಹೊಸ ಕೂಸು. ಕಾವು ಹುಟ್ಟುತ್ತಿದ್ದದ್ದು ಎಲ್ಲ ಕಡೆಯೂ ನೆಲಕ್ಕಿಂತ ಗೇಣು ಮೇಲೆ, ಹೊರಸಿನ ಕೆಳಗೆ. ಅವುಗಳಲ್ಲಿ ಕೆಲವು ಮನೆಗಳಿಂದ ಹೆಣ ಹೊರಬಿದ್ದಿತ್ತು. ಊರು ಅದನ್ನು ಸನ್ನಿ ಎಂದು ಅತ್ತು ಮರೆತಿತ್ತು.

“ಉರಿ ಹಚ್ಚಬ್ಯಾಡ್ರಿ ಅಂತ ಮನಿಮನಿಗಿ ಬೋರ್ಡ್ ಹೊಡ್ದೀವಲ್ರಿ,” ಎಂದರು ಮಣ್ಣೂರ ಸಾಹೇಬರು.

“ಅವ್ರು ಉರಿ ಹಚ್ಚಿಲ್ರಿ ಸರ್. ಕೆಂಡ ಇಟ್ಟಾರ.”

“ಎರಡೂ ಒಂದೇ ಅಲ್ಲೇನ್ರಿ?”

“ನಮಗ ಒಂದೇ. ಅವ್ರಿಗಿ ಉರಿ ಅಂದ್ರ ಒಲಿ, ಕೆಂಡ ಅಂದ್ರ ಔಷಧ. ಬೋರ್ಡಿನ ಮ್ಯಾಲೆ ಕೆಂಡ ಅಂತ ಬರೀರಿ. ಅಸ್ತರಿಗಿ ಅಲ್ಲ, ಜೀವಕ್ಕ ಧಕ್ಕೆ ಅಂತ ಬರೀರಿ. ಬಾಣಂತಿ ಇರೋ ಮನಿ ಗಾಳಿಪೆಟ್ಟಿಗಿ ಪೂರ್ತಿ ಬಿಡ್ರಿ.”

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. “ಪೆಟ್ಟಿಗಿ ಬಿಟ್ರ ಕಾವು ಹೋಗ್ತದ. ಆ ಮನ್ಯಾಗ ಮುದುಕರೂ ಇರ್ತಾರ, ಮಹಾನಂದಾ. ಚಳಿ ಏನು ಮಾಡ್ತದ ಅಂತ ನಿಮಗಿಂತ ನಾ ಹೇಳ್ಬೇಕೇನು?” ಎಂದರು. ಕೆಂಡ ಎಂದು ಬರೆದರೆ ಮೊದಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ, ಆ ಮಾತೂ ಬಂತು. ಕೊನೆಗೆ ಬಂದ ಹೊಸ ಫಲಕದಲ್ಲಿ ‘ಉರಿ ಹಾಗೂ ತತ್ಸಮಾನ ಶಾಖಮೂಲಗಳು’ ಎಂದಿತ್ತು. ಓದಿ ಯಾರೂ ಹೊರಸಿನ ಕಡೆ ನೋಡಲಿಲ್ಲ.

ಆ ಸಂಜೆ ಅವಳೂ ಖಲೀಲನೂ ಯಾರನ್ನೂ ಕೇಳದೆ ಬಾಣಂತಿ ಮನೆಗಳ ಗಾಳಿಪೆಟ್ಟಿಗೆಗಳನ್ನು ಪೂರ್ತಿ ಬಿಟ್ಟರು. ಖಲೀಲ್ ಅಂದು ಒಂದು ಜೋಕೂ ಹೇಳಲಿಲ್ಲ. ಮುಬಾರಕ್ ಎಂದ ತನ್ನ ಮಾತು ಅವನ ಕಿವಿಯಲ್ಲಿತ್ತು. ನಕಾಶೆಯ ಮೇಲೆ ಆ ಮನೆಗಳು ಒಂದೊಂದೇ ಕೆಂಪಾದವು. ಅದೇ ವಾರ ಅಂಥ ಒಂದು ಮನೆಯಲ್ಲಿ ಮುದುಕರೊಬ್ಬರು ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ಗಾಳಿಪೆಟ್ಟಿಗೆಯಿಂದಲೋ, ವಯಸ್ಸಿನಿಂದಲೋ ಹೇಳುವವರಿಲ್ಲ. ಮಹಾನಂದಾ ಅವರ ಮನೆಯ ಮುಂದೆ ಹಾದುಹೋಗುವಾಗ ತಲೆ ಎತ್ತಲಿಲ್ಲ.

ಊರಿಗೆ ತಿಳಿಯುವ ಮಾತು ಕೊನೆಗೆ ಶರಣಮ್ಮನಿಂದ ಬಂತು. ಅವರು ಮನೆಯಲ್ಲಿ ಮಾತೇ ಬಿಟ್ಟಿದ್ದರು. ಊಟಕ್ಕೆ ಕರೆದರೆ ಬಂದು ಉಂಡು ಎದ್ದುಹೋಗುವರು. ಆದರೆ ಯಾರ ಮನೆಯಲ್ಲಿ ಹೆರಿಗೆಯಾಯಿತೆಂದು ಕೇಳಿದರೂ ಕೋಲೂರಿಕೊಂಡು ಹೋಗಿ ಅವರ ಕಟ್ಟೆಯ ಮೇಲೆ ಕೂರುವರು. ಒಳಗೆ ಬನ್ನಿ ಎಂದರೆ ಹೋಗುವುದಿಲ್ಲ. ಮುದುಕಿಯರು ಹೊರಗೆ ಬಂದಾಗ ಒಂದೇ ಮಾತು ಹೇಳುವರು.

“ಇದು ಗಾಳಿ ಬಡದು ಬರೋ ಸನ್ನಿ ಅಲ್ಲವ್ವಾ. ಗಾಳಿ ಇಲ್ದ ಬರೋ ಸನ್ನಿ. ಕೆಂಡ ಹೊರಗ ಇಡ್ರಿ. ನನ್ನ ಕೈಲೆ ನಾ ಇಟ್ಟೀನಿ, ನನಗ ಗೊತ್ತದ.”

ಕೆಲವರು ಕೇಳಿದರು. ಕೆಲವರು, ಮುದುಕಿಗೆ ತಲೆ ಕೆಟ್ಟಿದೆ ಎಂದು ಬಾಗಿಲು ಹಾಕಿಕೊಂಡರು.

ವಚನಾ ಮನೆಗೆ ಬಂದಳು. ನಡೆಯುತ್ತಾಳೆ, ಉಣ್ಣುತ್ತಾಳೆ, ಹೇಳಿದರೆ ಕಾಳು ಆರಿಸುತ್ತಾಳೆ. ಗುರುಪಾದ ಭಾನುವಾರ ಬಂದು ಎದುರಿಗೆ ಕೂತರೆ, ಮನೆಗೆ ಬಂದ ನೆಂಟರಿಗೆ ಕೇಳುವ ಹಾಗೆ, “ಚಾ ಕುಡೀತೀರೇನ್ರಿ?” ಎನ್ನುತ್ತಾಳೆ. ಅವನು ಕುಡಿಯುತ್ತೇನೆ ಎನ್ನುತ್ತಾನೆ. ಅವಳು ಒಳಗೆ ಹೋದವಳು ಯಾಕೆ ಬಂದೆನೆಂದು ಮರೆತು ಒಲೆಯ ಮುಂದೆ ನಿಂತಿರುತ್ತಾಳೆ.

ನಡುಕೋಣೆಯ ನೆಲದ ಮೇಲೆ ಕೆಂಡ ಬಿದ್ದ ಕಡೆ ಅಸ್ತರು ಸುಟ್ಟು ಕಪ್ಪಾದ ಗುಳಿಗಳಿವೆ. ತೇಪೆ ಹಾಕಲು ಬಂದವರನ್ನು ಮಹಾನಂದಾ ವಾಪಸು ಕಳಿಸಿದಳು. ತನ್ನ ಕೋಣೆಯ ಕಿಟಕಿಯ ಅಂಟನ್ನು ಚಾಕುವಿನಿಂದ ತಾನೇ ಕೆರೆದು ತೆಗೆದಳು. ಅಷ್ಟು ಒತ್ತಿ ಹಾಕಿದ್ದು, ಸುಲಭಕ್ಕೆ ಬರಲಿಲ್ಲ. ಉಗುರಿನ ಸಂದಿಗಳಲ್ಲಿ ಅದು ಬಹಳ ದಿನ ಉಳಿಯಿತು.

ಈಗ ಅವಳಿಗೆ ಝಳ ಬರುವುದಿಲ್ಲ. ಆ ಕಾಲ ಮುಗಿದಿದೆ. ಸಂಜೆ ಪಲ್ಲೆ ತೆರೆದು ಶಾಲು ಹೊದ್ದು, ಚಳಿಗೆ ಮೈ ಮುದುಡಿಕೊಂಡು ಕೂರುತ್ತಾಳೆ. ಬಿಡಿಯಾಗಿ ನೋಡಿದರೆ ಅದೊಂದು ಅರ್ಥವಿಲ್ಲದ ಕೆಲಸ. ದಿನ ಮುಳುಗುವ ಹೊತ್ತಿಗೆ ಸರಿಯಾಗಿ, ಯಾರೂ ಕರೆಯದೆ, ವಚನಾ ಗೋಡೆ ಹಿಡಿಯುತ್ತ ಆ ಕೋಣೆಗೆ ಬರುತ್ತಾಳೆ. ಬೇರೆಲ್ಲ ಮರೆತ ಮೈಗೆ ಅದೊಂದು ದಾರಿ ನೆನಪಿದೆ. ತಾಯಿಯ ತೊಡೆಯ ಮೇಲೆ ಆಗಲೇ ಮಲಗಿರುವ ಕೂಸನ್ನು ಬಗ್ಗಿ ನೋಡುತ್ತಾಳೆ.

“ಈ ಕೂಸು ಯಾರ್ದವ್ವಾ?”

“ನಮ್ದೇ.”

“ಚಂದದ.” ಬೆರಳಿನಿಂದ ಅದರ ಕಾಲು ಮುಟ್ಟುತ್ತಾಳೆ. “ಸಾಕ್ಸ್ ಹಾಕ್ರಿ ಅದಕ್ಕ.” ಆಮೇಲೆ ಕಿಟಕಿಯ ಬಳಿ ಹೋಗಿ ಆ ನಾಲ್ಕು ಬೆರಳಿನ ಸಂದಿಗೆ ಮುಖ ಒಡ್ಡಿ ನಿಲ್ಲುತ್ತಾಳೆ. “ಇಲ್ಲಿ ತಲಿ ಹಗುರಾಗ್ತದ.”

ಇಂದೂ ಹಾಗೆಯೇ ನಿಂತಿದ್ದಾಳೆ. ಫೋನು ಬಡಿದುಕೊಂಡಿತು. ರಾತ್ರಿ ಪಾಳಿಗೆ ಆಗತಾನೇ ಕೂತ ಖಲೀಲ್.

“ಮೇಡಂ,” ಎಂದ. “ನಿಮ್ಮ ಮನಿ ಕಾಣ್ಲಾಕತ್ತದ.”

ಕೂಸಿನ ಕಾಲಿಗೆ ಸಾಕ್ಸ್ ಏರಿಸುತ್ತ ಮಹಾನಂದಾ ಮಗಳ ಬೆನ್ನನ್ನು ನೋಡಿದಳು. ಗಾಳಿಗೆ ವಚನಾಳ ಕೂದಲು ಸಣ್ಣಗೆ ಅಲುಗುತ್ತಿತ್ತು.

“ಕಾಣ್ಲಿ ಬಿಡು,” ಎಂದಳು.